ಒಳಬಳೆ

ಮೂರನೇ ತರಗತಿಯ ನಡುವೆ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದ್ದೇವೆ.
ಕರಿಹಲಗೆಯ ಮೇಲೆ ಇನ್ನೂ ಏಳರ ಮಗ್ಗಿ,
ಕೆಳಗೆ ಎರಡು ಬೆಂಚು ಜೋಡಿಸಿ ಮಾಡಿದ ಮಂಚ.
ಕಾಲಿಕೋಟಿನ ಈ ಕಣಿವೆಗೆ ಶಿಬಿರ ಬಂದು
ವರ್ಷವೆಷ್ಟಾಯಿತೋ, ನೆನಪಿದ್ದವರಿಲ್ಲ.

ನನ್ನ ಕೆಲಸ ಬರೆಯುವುದು.
ಹೆಸರು, ಊರು, ವಯಸ್ಸು. ಹೆತ್ತದ್ದೆಷ್ಟು, ಉಳಿದದ್ದೆಷ್ಟು.

ಜೌಕಲಾ ರೋಕಾಯ.
ದೊಡ್ಡ ಹಿಮ ಬಿದ್ದ ವರ್ಷ ಹುಟ್ಟಿದವಳು.
ಹೆತ್ತದ್ದು ಏಳು. "ನಾಲ್ಕು ಇವೆ" ಅಂದಳು,
ಕಳೆಯುವ ಲೆಕ್ಕ ನನಗೇ ಬಿಟ್ಟಳು.

ಏನು ತೊಂದರೆ?
ಗೋಡೆ ನೋಡಿದಳು. ಮಗ್ಗಿ ನೋಡಿದಳು.
"ಮೈ ಬಿದ್ದಿದೆ."

ನಮ್ಮ ಮಾತಿನಲ್ಲಿ ಅದಕ್ಕೆ ಅಷ್ಟೇ ಹೆಸರು.
ಎಲೆ ಬೀಳುತ್ತದೆ, ಗುಡ್ಡದ ಮಣ್ಣು ಬೀಳುತ್ತದೆ,
ಹೆಂಗಸಿನ ಮೈ ಬೀಳುತ್ತದೆ;
ಎತ್ತಿ ಒಳಗಿಟ್ಟುಕೊಂಡು ಅವಳು ಹುಲ್ಲಿಗೆ ಹೋಗುತ್ತಾಳೆ.

ಯಾವಾಗಿನಿಂದ?
"ಮೂರನೆಯದು ಹುಟ್ಟಿದಾಗಿನಿಂದ. ದನದ ಕೊಟ್ಟಿಗೆಯಲ್ಲಿ ಹೆತ್ತೆ,
ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ನಾನೇ ಕೊಯ್ದೆ,
ಐದನೇ ದಿನ ಹಣೆಗೆ ಪಟ್ಟಿ ಕೊಟ್ಟು ಗೊಬ್ಬರದ ಬುಟ್ಟಿ ಹೊತ್ತೆ.
ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಾಗ ಕೈಗೆ ಸಿಕ್ಕಿತು.
ಇನ್ನೊಂದು ಮಗು ಬಂತೇನೋ ಅಂದುಕೊಂಡೆ."
ಆಮೇಲೂ ನಾಲ್ಕು ಬಂದವು, ಅದೇ ಜಾರಿದ ಮನೆಯಿಂದ.

"ನಿಂತರೆ ನಡು ಹರಿಯುತ್ತದೆ. ಕೆಮ್ಮಿದರೆ ಬಟ್ಟೆ ಒದ್ದೆ.
ಅದಕ್ಕೇ ನಗುವುದು ಬಿಟ್ಟೆ,
ಮುಖ ಗಂಟು ಹಾಕಿದವಳು ಅಂತಾರೆ ಊರವರು."
ನನ್ನ ಅವ್ವನೂ ನಗುತ್ತಿರಲಿಲ್ಲ ಅಂತ ಆಗ ಹೊಳೆಯಿತು.
ಪೆನ್ನು ನಿಲ್ಲಿಸಲಿಲ್ಲ ನಾನು.

ಇಪ್ಪತ್ತೆರಡು ವರ್ಷ.
ಆ ಖಾನೆಯಲ್ಲಿ ಎರಡೇ ಅಂಕಿಗೆ ಜಾಗ, ಸರಿಹೋಯಿತು.

ನರ್ಸ್ ಪಬಿಸರಾ ಡಬ್ಬಿ ತೆರೆದಳು.
ಬಿಳಿ ಉಂಗುರಗಳು, ಅಳತೆವಾರು, ಮೆತ್ತನೆಯ ಬಳೆಗಳ ಹಾಗೆ.
ಮುಂಗೈ ಹಿಡಿದು ನೋಡುವ ಬಳೆಗಾರ್ತಿಯಂತೆ
ಬೆರಳಲ್ಲೇ ಅಳತೆ ಹಿಡಿದಳು;
ಒಂದು ಬಿಗಿ, ಒಂದು ಸಡಿಲ,
ಮೂರನೆಯದು ಕೂತಿತು.
"ನಡೆ. ಕೂರು. ಈಗ ಕೆಮ್ಮು."
ಜೌಕಲಾ ಕೆಮ್ಮಿದಳು. ಕಾದಳು.
ಏನೂ ಬೀಳಲಿಲ್ಲ.

"ಗಂಡ ಕೊಡಿಸದ ಬಳೆ!" ಅಂದಳು,
ಸೀರೆಯಾಚೆಯ ಸಾಲಿಗೂ ಕೇಳುವಂತೆ ನಕ್ಕಳು.
ನಕ್ಕವಳೇ ಹಳೇ ರೂಢಿಗೆ ಬಟ್ಟೆ ಮುಟ್ಟಿ ನೋಡಿದಳು.
ಒಣಗಿತ್ತು.

"ಮೂರು ತಿಂಗಳಿಗೊಮ್ಮೆ ಬಂದು ತೋರಿಸು. ಭಾರ ಎತ್ತಬೇಡ."
ಎರಡನೇ ಮಾತಿಗೆ ಅವಳು ನಮ್ಮನ್ನು ನೋಡಿದ ಬಗೆ—
ಉಸಿರಾಡಬೇಡ ಅಂದಿದ್ದರೂ ಹಾಗೇ ನೋಡುತ್ತಿದ್ದಳು.

ಹೊರಗೆ ಬಿಸಿಲಿನಲ್ಲಿ ಅತ್ತೆ,
ಸೊಸೆಯ ಮೈಗಳ್ಳ ಬೇನೆಗೆ ಒಂದು ದಿನ ಹಾಳೆಂದು
ಬೆಳಗಿನಿಂದ ಗೊಣಗಿದವಳು.
ಇವಳು ಮೆಟ್ಟಿಲಿಳಿದು ಚಪ್ಪಲಿ ಹುಡುಕುವಷ್ಟರಲ್ಲಿ
ಮುದುಕಿ ಒಳಬಂದು, ಸೀರೆ ತಾನೇ ಎಳೆದು ಮುಚ್ಚಿ,
"ಆ ಬಳೆ," ಅಂದಳು, "ಇನ್ನೊಂದು ಇದೆಯಾ?"

ಎಷ್ಟು ವರ್ಷದಿಂದ, ಅಜ್ಜಿ?
"ಇವಳ ಗಂಡ ಹುಟ್ಟಿದಾಗಿನಿಂದ."

ಒಂದೇ ಒಲೆ, ನೀರಿಗೆ ಒಂದೇ ಹಾದಿ,
ಒಂದೇ ಚಾಪೆಯ ಎರಡು ತುದಿ;
ಇಬ್ಬರೂ ಇಷ್ಟು ವರ್ಷ ಕತ್ತಲಲ್ಲಿ ಅತ್ತಿತ್ತ ತಿರುಗಿ
ತಮ್ಮ ತಮ್ಮದನ್ನು ಎತ್ತಿಟ್ಟುಕೊಂಡಿದ್ದರು.

ಎಷ್ಟು ವರ್ಷ ಎಂಬ ಖಾನೆಯಲ್ಲಿ
'ಮಗನ ವಯಸ್ಸು' ಎಂದು ಬರೆದೆ.

ಸಂಜೆ, ತಿಲಾ ನದಿಗಿಳಿವ ದಾರಿಯ ಅಂಗಡಿ ಜಗುಲಿಯಲ್ಲಿ
ಅವರು ಕೊಂಡ ಉಪ್ಪಿನ ಮೂಟೆ, ಮೇಲೆ ಸುರುಳಿ ಸುತ್ತಿದ ಹಣೆಪಟ್ಟಿ.
ಹೊರು ಅಂತ ಅತ್ತೆ ಅನ್ನಲಿಲ್ಲ.
ಹೊರಲಾರೆ ಅಂತ ಸೊಸೆಯೂ ಅನ್ನಲಿಲ್ಲ.
ಮೂಟೆಯ ಆಚೆಗೊಬ್ಬಳು ಈಚೆಗೊಬ್ಬಳು ಕೂತು
ಯಾರಾದರೂ ಗಂಡಸು ಆ ಹಾದಿ ಬಂದಾನೆಂದು ನೋಡುತ್ತಿದ್ದರು.

ಲಾಟೀನು ಹಚ್ಚಿ ನಾನು ಫಾರಂ ಎಣಿಸುವಾಗಲೂ
ಮೂಟೆ ಅಲ್ಲೇ ಇತ್ತು.